ತೆರೆಯ ಮೇಲಿನ ಜೀವನಚರಿತ್ರೆ

ವಾದಗ್ರಸ್ತ ರಾಜಕಾರಣಿಯ ಜೀವನವು ದೂರದರ್ಶನದಲ್ಲಿ ಸಾಕ್ಷ್ಯಚಿತ್ರವಾಗಿ ಬಂದಾಗ ಮನೆಯಲ್ಲಿ ಒಬ್ಬರು ಹೊಗಳುವರು, ಇನ್ನೊಬ್ಬರು ತೆಗಳುವರು. ಇಂಥ ಚಿತ್ರದ ಯೋಗ್ಯತೆಯನ್ನು ಅಳೆಯುವ ಬಗೆ ಯಾವುದು?

ನಮ್ಮ ಸೀಮೆಯ ಬಿ. ಶಂಕರಾನಂದರನ್ನೇ ಉದಾಹರಣೆಗೆ ತೆಗೆದುಕೊಳ್ಳುವೆವು. ಚಿಕ್ಕೋಡಿ ಮತಕ್ಷೇತ್ರವು 1967ರಿಂದ 1991ರ ವರೆಗೆ ಅವರನ್ನು ಸತತವಾಗಿ ಏಳು ಸಲ ಲೋಕಸಭೆಗೆ ಆರಿಸಿತು. 1987ರಲ್ಲಿ ಬೋಫೋರ್ಸ್ ತೋಪುಗಳ ಖರೀದಿಯನ್ನು ವಿಚಾರಿಸಲು ನೇಮಕವಾದ ಸಂಸದೀಯ ಸಮಿತಿಗೆ ಅವರೇ ಅಧ್ಯಕ್ಷರಾದರು. ಪ್ರಮುಖ ವಿರೋಧ ಪಕ್ಷಗಳು ಸಮಿತಿಯನ್ನು ಬಹಿಷ್ಕರಿಸಿದವು. ಲಂಚಕ್ಕೆ ಪುರಾವೆಯಿಲ್ಲವೆಂದು 1988ರ ವರದಿಯು ಹೇಳಲು, ಸತ್ಯವನ್ನು ಮುಚ್ಚಿದರೆಂದು ವಿರೋಧಿಗಳು ಆಕ್ಷೇಪಿಸಿದರು. 1989ರ ಚುನಾವಣೆಯಲ್ಲಿ ಬೋಫೋರ್ಸ್ ಪ್ರಕರಣವೇ ಮುಖ್ಯ ವಿಷಯವಾಗಿ ದಿಲ್ಲಿಯ ಸರಕಾರವು ಬಿದ್ದಿತು. ನಿಪ್ಪಾಣಿಯಿಂದ ಅಥಣಿಯ ವರೆಗಿನ ಮತದಾರರಾದರೋ ಶಂಕರಾನಂದರನ್ನೇ ಗೆಲ್ಲಿಸಿದರು. 1996ರಲ್ಲಿ ಅದೇ ಮತಕ್ಷೇತ್ರವು ಅವರನ್ನು ಸೋಲಿಸಿತು.

ಬೋಫೋರ್ಸನ್ನು ಬಿಟ್ಟು ತೆಗೆದ ಚಿತ್ರವು ಬರಿಯ ಸ್ತುತಿಪಾಠ. ಅದೊಂದನ್ನೇ ತೋರಿಸುವ ಚಿತ್ರವು ಏಳು ಸಲ ಮತವಿತ್ತವರನ್ನು ಮೂಢರೆಂದು ಬಗೆದಂತೆ. ಏಕೆ ಗೆಲ್ಲಿಸಿದೆವು, ಏಕೆ ಸೋಲಿಸಿದೆವು ಎಂಬುದನ್ನು ಮತದಾರರ ಬಾಯಿಂದಲೇ ಕೇಳಿಸುವ ಚಿತ್ರವೇ ಪೂರ್ಣವಾದುದು. ಹಾಗೆ ಮತವಿತ್ತ ಹಿರಿಯರು ರಾಯಬಾಗ, ಕಾಗವಾಡಗಳ ಮನೆಮನೆಗಳಲ್ಲಿ ಇನ್ನೂ ಇರುವರು. ಅವರ ನೆನಪು ಅಳಿಯುವ ಮೊದಲೇ ಮೊಮ್ಮಕ್ಕಳು ಕೇಳಿ ಬರೆದಿಡಲೆಂದು ವಾಚಕರಲ್ಲಿ ನಮ್ಮ ವಿನಂತಿ.