ನಿಮ್ಮ ಫೋನಿನ ಪಿನ್ 1404 ಅಲ್ವಾ?



ಖಾರವಾಗೇ ಹೇಳ್ತೀನಿ, ಬೇಜಾರಾದ್ರೂ ಪರವಾಗಿಲ್ಲ. ನಮ್ಮಲ್ಲಿ ಎಷ್ಟು ಜನರ ಫೋನಿನ ಪಿನ್ 1404? ಇಲ್ಲಾಂದ್ರೆ 1891, 1956, 1818? ಬಾಬಾಸಾಹೇಬರ ಮೇಲಿನ ಪ್ರೀತಿ ಎದೆಯಲ್ಲಿರಲಿ. ನಮ್ಮ ಡಿಪಿ ನೋಡಿದವನು ಮೊದಲು ಒತ್ತಿ ನೋಡೋ ಅಂಕಿಗಳೇ ಅವು.

"ನಾವೇನು ಕಳ್ಳತನ ಮಾಡಿದೀವಾ, ಮುಚ್ಚಿಡೋಕೆ ಏನಿದೆ?" ಅಂತಾರೆ ಕೆಲವು ಹಿರಿಯರು. ಅಣ್ಣಾ, ಮುಚ್ಚಿಡಬೇಕಾದ್ದು ನಿಮ್ಮದಲ್ಲ. ದೌರ್ಜನ್ಯದ ದೂರು ಕೊಟ್ಟ ಅಕ್ಕನ ನಂಬರ್, ಸಾಕ್ಷಿ ಹೇಳೋ ಹುಡುಗ ಈಗ ಯಾರ ಮನೇಲಿದಾನೆ ಅನ್ನೋ ವಿಳಾಸ, ಗಾಯದ ಫೋಟೋ ಎಲ್ಲಾ ನಿಮ್ಮ ಫೋನಲ್ಲಿದೆ. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ ಅನ್ನುತ್ತೆ ಅದು. ಸಾಕ್ಷಿಯ ಹೆಸರು, ವಿಳಾಸ ಮರೆಮಾಡೋಕೂ ಅದರಲ್ಲಿ ಅವಕಾಶ ಇದೆ. ಕಾನೂನು ಮುಚ್ಚಿಟ್ಟ ಹೆಸರನ್ನ ನಮ್ಮ ಕಾರ್ಯಕರ್ತರು ಡಿಸ್‌ಪ್ಲೇ ರಿಪೇರಿಗೆ ಅಂತ ಅಂಗಡಿಗೆ ಕೊಡ್ತಾರೆ, ಚೀಟಿ ಮೇಲೆ ಪಿನ್ ಬರೆದು! ಆ ಅಂಗಡಿ ಯಾರದು, ಸಂಜೆ ಅಲ್ಲಿ ಯಾರ್ಯಾರು ಕೂರ್ತಾರೆ ಅಂತ ಯೋಚಿಸಿ.

ಖಾಸಗಿತನ ಉಳ್ಳವರ ಶೋಕಿ ಅಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನ ಮೂಲಭೂತ ಹಕ್ಕು ಅಂತ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. "ಯಾವ ಪೈಕಿ? ಯಾರ ಮಗ? ಎಲ್ಲಿಗೆ ಹೊಂಟೆ?" ಅಂತ ಊರು ಕೇಳಿದ್ದಕ್ಕೆಲ್ಲ ತಲೆಬಗ್ಗಿಸಿ ಉತ್ತರ ಕೊಟ್ಟ ಜನ ನಾವು. "ಹೇಳಲ್ಲ" ಅನ್ನೋ ಹಕ್ಕಿನ ಬೆಲೆ ನಮಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಹೆಂಡತಿಯ, ತಂಗಿಯ ಪಾಸ್‌ವರ್ಡ್ ಕೇಳೋ ಸಂಗಾತಿಗಳೇ, ನಿಮಗೂ ಇದೇ ಮಾತು. ವೇದಿಕೆ ಮೇಲೆ ಮನುಸ್ಮೃತಿ ಸುಟ್ಟು, ಮನೆಯಲ್ಲಿ ಮನುವಿನ ಕಾವಲು ಕಾಯಬೇಡಿ.

ಮಾಡಬೇಕಾದ್ದು ಇಷ್ಟೇ. ನಾಲ್ಕಂಕಿಯ ಪಿನ್‌ನಲ್ಲಿ ಇರೋದು 10,000 ಸಾಧ್ಯತೆ, ಆರಂಕಿಯಲ್ಲಿ 10 ಲಕ್ಷ. ಆರಾದರೂ ಇರಲಿ, ಹುಟ್ಟಿದ ದಿನ ಬೇಡ. ಪ್ಯಾಟರ್ನ್ ಬೇಡ, ಬಸ್ಸಲ್ಲಿ ಪಕ್ಕದವನಿಗೂ ಕಾಣುತ್ತೆ. ವಾಟ್ಸಾಪ್‌ನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ. ಲಾಕ್ ಆದ ಪರದೆ ಮೇಲೆ ಮೆಸೇಜು, ಓಟಿಪಿ ಕಾಣದಂಗೆ ಸೆಟ್ಟಿಂಗ್ ಬದಲಿಸಿ. ಪಾಸ್‌ವರ್ಡ್‌ಗಳನ್ನ ಫೋಟೋ ತೆಗೆದು ಇಡಬೇಡಿ, ಗ್ರೂಪಿಗೂ ಹಾಕಬೇಡಿ. ಬೆರಳಚ್ಚನ್ನ ನಿದ್ದೆಯಲ್ಲೂ ಒತ್ತಿಸಬಹುದು, ಕೈ ಹಿಡಿದೂ ಒತ್ತಿಸಬಹುದು. ಧರಣಿಗೆ ಹೋಗೋ ಮುಂಚೆ ಅದನ್ನ ತೆಗೀರಿ. ಆಗಲಿಲ್ವಾ, ಫೋನ್ ಆಫ್ ಮಾಡಿ ಆನ್ ಮಾಡಿ. ಆಮೇಲೆ ಮೊದಲ ಸಲ ಪಿನ್ ಹಾಕದೆ ತೆರೆಯಲ್ಲ.

"ಪೆಗಾಸಸ್ ಬಂದ್ರೆ ಯಾವ ಪಿನ್ ಉಳಿಸುತ್ತೆ?" ಅಂತ ಕೇಳ್ತೀರಿ. ಸರಿ, ಆನಂದ್ ತೇಲ್ತುಂಬ್ಡೆ ಅವರಿಗೂ 2019ರಲ್ಲಿ ಅಂಥ ಎಚ್ಚರಿಕೆ ಬಂದಿತ್ತು. ಆದ್ರೆ ಕನ್ನ ಹಾಕೋರಿದ್ದಾರೆ ಅಂತ ಯಾರಾದ್ರೂ ಬಾಗಿಲು ತೆಗೆದು ಮಲಗ್ತಾರಾ? ನಮ್ಮ ಹಳ್ಳಿಯ ಸಾಕ್ಷಿಯನ್ನ ಹೆದರಿಸೋಕೆ ಪೆಗಾಸಸ್ ಬೇಕಿಲ್ಲ, ಬೀಗವಿಲ್ಲದ ಒಂದು ಫೋನ್ ಸಾಕು.

ಇವತ್ತೇ, ಈ ಪೋಸ್ಟ್ ಶೇರ್ ಮಾಡೋ ಮುಂಚೆ, ಪಿನ್ ಬದಲಿಸಿ. ಹೊಸದು ಏನು ಅಂತ ನನಗೂ ಹೇಳಬೇಡಿ.

ಜೈಭೀಮ್.