ರೋಗಿಗೆ ವೈದ್ಯರನ್ನು ಆರಿಸಿಕೊಡುವವರು ಯಾರು?

ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. 1848ರಲ್ಲಿ ಆರಂಭವಾದ ವೆನ್ಲಾಕ್, 1880ರಲ್ಲಿ ಹುಟ್ಟಿದ ಫಾದರ್ ಮುಲ್ಲರ್, 1955ರ ಕೆಎಂಸಿ, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಕೆ.ಎಸ್. ಹೆಗ್ಡೆ, ಯೆನೆಪೋಯ ಮತ್ತು ಕಣಚೂರು ಆಸ್ಪತ್ರೆಗಳು ನಗರದ ಹೆಸರನ್ನು ಹೊರರಾಜ್ಯಗಳಿಗೂ ಮುಟ್ಟಿಸಿವೆ. ಇಷ್ಟೆಲ್ಲ ಇರುವಾಗ ರೋಗಿಗೆ ಆಯ್ಕೆಯಲ್ಲಿ ಕೊರತೆಯೇನು ಎಂದು ಕೇಳುವವರಿದ್ದಾರೆ. ಹಂಪನಕಟ್ಟೆಯಲ್ಲಿ ನಿಂತು ಹಾಗೆ ಕೇಳುವುದು ಸುಲಭ. ಸುಳ್ಯ, ಬೆಳ್ತಂಗಡಿಗಳ ಒಳಹಳ್ಳಿಯಲ್ಲೋ ಗಡಿಯಾಚೆಯ ಪೈವಳಿಕೆಯಲ್ಲೋ ನಿಂತು ಕೇಳಿದರೆ ಉತ್ತರ ಬೇರೆಯೇ ಆಗಿರುತ್ತದೆ. ಅಲ್ಲಿ ವೈದ್ಯರನ್ನು ಆರಿಸುವುದು ರೋಗಿಯಲ್ಲ, ದೂರ.

ಇದು ಹೊಸ ಸಂಗತಿಯೇನೂ ಅಲ್ಲ. ಅಮೆರಿಕದ ಮೆಸಾಚುಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ 19ನೇ ಶತಮಾನದ ಮಧ್ಯಭಾಗದಲ್ಲೇ ಮಾನಸಿಕ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ, ಊರು ದೂರವಾದಷ್ಟೂ ಅಲ್ಲಿಂದ ಬರುವ ರೋಗಿಗಳ ಪ್ರಮಾಣ ಕುಗ್ಗುತ್ತದೆಂದು ತೋರಿಸಿದ್ದರು. ದೂರದ ಊರಿನವರು ಹೆಚ್ಚು ಆರೋಗ್ಯವಂತರಾಗಿದ್ದರು ಎಂದು ಇದರರ್ಥವಲ್ಲ. ಅವರ ಕಾಯಿಲೆ ಮನೆಯೊಳಗೇ ಉಳಿದಿತ್ತು.

ನಮ್ಮಲ್ಲಿ ದೂರವನ್ನು ಕಿಲೋಮೀಟರಿನಿಂದ ಮಾತ್ರ ಅಳೆಯಲಾಗದು. ಬೀಡಿ ಕಟ್ಟುವ ತಾಯಿಗೆ ನಗರದ ಆಸ್ಪತ್ರೆಯೆಂದರೆ ಒಂದು ದಿನದ ಸಂಪಾದನೆ ಹೋಯಿತೆಂದೇ ಅರ್ಥ. ಗಂಡ ಕೊಲ್ಲಿಯಲ್ಲಿದ್ದರೆ ಜೊತೆಗೆ ಹೋಗಲು ಅಣ್ಣನೋ ಮೈದುನನೋ ಬಿಡುವು ಮಾಡಿಕೊಳ್ಳಬೇಕು, ಶಾಲೆಯಿಂದ ಬರುವ ಮಕ್ಕಳನ್ನು ನೆರೆಮನೆಗೆ ಒಪ್ಪಿಸಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿತು, ನಿಜ. ಆದರೆ ಖಾಸಗಿ ಬಸ್ಸುಗಳೇ ಓಡುವ ನಮ್ಮ ಜಿಲ್ಲೆಯ ಅನೇಕ ಮಾರ್ಗಗಳಲ್ಲಿ ಆ ಉಚಿತ ಟಿಕೆಟ್ಟಿಗೆ ಹತ್ತಲು ಬಸ್ಸೇ ಇಲ್ಲ. ಹೀಗಾಗಿ ಆಕೆ ಮೊದಲು ಹೋಗುವುದು ಪೇಟೆಯ ಮೆಡಿಕಲ್ ಶಾಪಿಗೆ. ಎರಡು ಮಾತ್ರೆ ನುಂಗಿ ನೋವನ್ನು ಮುಂದೂಡುತ್ತಾಳೆ. ಕೊನೆಗೊಮ್ಮೆ ನಗರಕ್ಕೆ ಬಂದಾಗ 'ಇಷ್ಟು ದಿನ ಏನು ಮಾಡುತ್ತಿದ್ದಿರಿ?' ಎಂಬ ಪ್ರಶ್ನೆ ಅವಳಿಗಾಗಿ ಕಾದಿರುತ್ತದೆ.

ತಾಯಂದಿರ ಹೆರಿಗೆ ಮರಣಗಳ ಕುರಿತು 1994ರಲ್ಲಿ ಬರೆದ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಮೂರು ವಿಳಂಬಗಳನ್ನು ಗುರುತಿಸಿದ್ದರು: ಹೊರಡಲು ನಿರ್ಧರಿಸುವಲ್ಲಿ, ಆಸ್ಪತ್ರೆ ತಲುಪುವಲ್ಲಿ ಮತ್ತು ತಲುಪಿದ ಬಳಿಕ ಚಿಕಿತ್ಸೆ ದೊರೆಯುವಲ್ಲಿ. ಎರಡನೆಯ ವಿಳಂಬ ಎಲ್ಲರಿಗೂ ಕಾಣುತ್ತದೆ. ಆದರೆ ದೂರವು ಮೊದಲನೆಯದನ್ನೂ ಹಿಗ್ಗಿಸುತ್ತದೆ. 'ಅಷ್ಟು ದೂರ ಹೋಗಬೇಕಲ್ಲ, ನಾಳೆ ನೋಡೋಣ' ಎಂಬ ಮಾತು ಹುಟ್ಟುವುದು ಮನೆಯ ಚಾವಡಿಯಲ್ಲಿ. ಆ ನಾಳೆಯ ಬೆಲೆ ಕೆಲವೊಮ್ಮೆ ಜೀವವಾಗಿರುತ್ತದೆ.

2020ರ ಮಾರ್ಚ್‌ನಲ್ಲಿ ತಲಪಾಡಿ ಇದನ್ನು ಲೋಕಕ್ಕೇ ತೋರಿಸಿತು. ಕಾಸರಗೋಡಿನ ಜನರಿಗೆ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರು ತಲೆಮಾರುಗಳಿಂದ ಆಸರೆ. ಅವರ ರಾಜಧಾನಿ ತಿರುವನಂತಪುರವಿರುವುದು 500 ಕಿಲೋಮೀಟರಿಗೂ ಆಚೆ. ಕೋವಿಡ್ ಹೆಸರಿನಲ್ಲಿ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸ್‌ಗಳೂ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಹಲವರು ಅಸುನೀಗಿದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವಿಗೆ ಆದೇಶಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲಷ್ಟೇ ತುರ್ತು ರೋಗಿಗಳಿಗೆ ಷರತ್ತುಗಳೊಂದಿಗೆ ದಾರಿ ಬಿಡಲಾಯಿತು. ಮಣ್ಣು ಸುರಿದವರನ್ನು ಖಂಡಿಸಲೇಬೇಕು. ಆದರೆ 1984ರಲ್ಲಿ ರೂಪುಗೊಂಡ ಜಿಲ್ಲೆಯೊಂದನ್ನು ಅಷ್ಟು ಕಾಲ ನೆರೆರಾಜ್ಯದ ಆಸ್ಪತ್ರೆಗಳ ಭರವಸೆಯಲ್ಲೇ ಬಿಟ್ಟವರನ್ನು ಏನೆನ್ನೋಣ? ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಅದರ ಕಟ್ಟಡದಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆ ತೆರೆದದ್ದು ಗಡಿ ಮುಚ್ಚಿದ ಬಳಿಕ, 2020ರ ಏಪ್ರಿಲ್‌ನಲ್ಲಿ.

ಗಡಿಯಾಚೆಯವರ ಪಾಡು ಹಾಗಿರಲಿ, ಮಂಗಳೂರಾದರೂ ದೂರದ ಹಂಗಿನಿಂದ ಮುಕ್ತವೇ? ಅದೇ ವರ್ಷದ ಫೆಬ್ರವರಿಯಲ್ಲಿ 40 ದಿನಗಳ ಹಸುಗೂಸನ್ನು ಹೃದಯ ಶಸ್ತ್ರಚಿಕಿತ್ಸೆಗಾಗಿ ಇಲ್ಲಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ನಾಲ್ಕೂವರೆ ಗಂಟೆಯೊಳಗೆ ತಲುಪಿಸಲಾಯಿತು. ದಾರಿಯುದ್ದಕ್ಕೂ ಜನರು ಜಾತಿ ಧರ್ಮ ಮರೆತು ರಸ್ತೆ ತೆರವುಗೊಳಿಸಿದರು. ಆ ಚಾಲಕನ ಸಾಹಸಕ್ಕೆ ನಾವೂ ತಲೆಬಾಗುತ್ತೇವೆ. ಆದರೆ ಇಷ್ಟೊಂದು ಆಸ್ಪತ್ರೆಗಳಿರುವ ನಗರದ ಕೂಸೊಂದು ಶಿರಾಡಿ ಘಾಟಿ ಹತ್ತಬೇಕಾಗಿ ಬಂದದ್ದೇಕೆ ಎಂದು ಕೇಳಿದವರೆಷ್ಟು ಮಂದಿ? ವೇಗಕ್ಕೆ ಚಪ್ಪಾಳೆ ತಟ್ಟುವ ಸಮಾಜವು ದೂರವನ್ನು ಪ್ರಶ್ನಿಸುವುದಿಲ್ಲ. ವೇಗ ಎಲ್ಲ ಬಾರಿಯೂ ಕೈಹಿಡಿಯುವುದೂ ಇಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಬಂದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟ್ ಬಳಿ ಉರುಳಿಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. ಉತ್ತರ ಕನ್ನಡದ ಜನರು ಸುಸಜ್ಜಿತ ಆಸ್ಪತ್ರೆಗಾಗಿ ದನಿಯೆತ್ತಿದ್ದು ಸುಮ್ಮನೆ ಅಲ್ಲ.

ಹೊಣೆ ಸರಕಾರದ್ದು ಮಾತ್ರ ಎಂದು ಕೈತೊಳೆದುಕೊಳ್ಳುವಂತಿಲ್ಲ. ಬಯಲುಸೀಮೆಯಲ್ಲಿ 30,000 ಜನರಿಗೊಂದು, ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ಈ ದೇಶದ ನಿಯಮ. ಆದರೆ ಸಾಮಾನ್ಯ ಜ್ವರಕ್ಕೂ ಕಾರು ಹತ್ತಿ ನಗರದ ತಜ್ಞರ ಮುಂದೆ ಕೂರುವುದು ಸ್ಥಿತಿವಂತ ಕುಟುಂಬಗಳಲ್ಲಿ ಪ್ರತಿಷ್ಠೆಯಾಗಿದೆ. ಮಾತನಾಡಬಲ್ಲವರೆಲ್ಲ ದಾಟಿ ಹೋದ ಮೇಲೆ ಅಲ್ಲಿ ವೈದ್ಯರಿಲ್ಲ, ಮದ್ದಿಲ್ಲ ಎಂದು ದೂರುವವರು ಯಾರು? ಇನ್ನು ನಮ್ಮ ಜಮಾಅತ್‌ಗಳು. ಮೂತ್ರಪಿಂಡ ಕೈಕೊಟ್ಟವನ ಡಯಾಲಿಸಿಸ್‌ಗೆ, ಹೃದಯ ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ಅವು ಉದಾರವಾಗಿ ನೆರವಾಗುತ್ತವೆ. ಅದು ಪುಣ್ಯದ ಕೆಲಸವೇ ಸರಿ. ಆದರೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಮೂತ್ರಪಿಂಡವನ್ನು ತಿನ್ನಲು ವರ್ಷಗಳು ಬೇಕು. ಮನೆಯ ಹತ್ತಿರ ತಿಂಗಳಿಗೊಮ್ಮೆ ತಪಾಸಣೆ ಸಿಕ್ಕಿದ್ದರೆ ಎಷ್ಟೋ ಜನ ಆ ಯಂತ್ರದ ಮುಂದೆ ಮಲಗಬೇಕಾಗಿರಲಿಲ್ಲ.

ಪ್ರತಿ ಹಳ್ಳಿಗೂ ಹೃದ್ರೋಗ ತಜ್ಞರನ್ನು ಕೊಡಲಾದೀತೇ ಎಂದು ಕೆಲವರು ಮೂದಲಿಸಬಹುದು. ಹಾಗೆಂದು ಯಾರೂ ಕೇಳಿಲ್ಲ. ಬೇಕಾಗಿರುವುದು ಸಂಜೆಯಾಗುವ ಮುನ್ನವೇ ಬಾಗಿಲೆಳೆಯದ ಆರೋಗ್ಯ ಕೇಂದ್ರ, ಮಹಿಳೆಯರು ಸಂಕೋಚವಿಲ್ಲದೆ ಮಾತನಾಡಬಹುದಾದ ವೈದ್ಯೆ, ತಾಲೂಕು ಆಸ್ಪತ್ರೆಗೆ ವಾರದ ನಿಗದಿತ ದಿನ ತಪ್ಪದೆ ಬರುವ ತಜ್ಞರು. ಖಾಸಗಿ ಕಾಲೇಜೊಂದು ಸರಕಾರಿ ಆಸ್ಪತ್ರೆಯೊಂದಿಗೆ ಕೂಡಿ ಕೆಲಸ ಮಾಡಬಲ್ಲದು ಎಂಬುದಕ್ಕೆ ವೆನ್ಲಾಕ್ ಮತ್ತು ಕೆಎಂಸಿಗಳ ದಶಕಗಳ ಸಂಬಂಧವೇ ಸಾಕ್ಷಿ. ಜಿಲ್ಲಾಸ್ಪತ್ರೆಯಲ್ಲಿ ಸಾಧ್ಯವಾದದ್ದು ಸುಳ್ಯದಲ್ಲಿ, ಬೆಳ್ತಂಗಡಿಯಲ್ಲಿ ಏಕೆ ಅಸಾಧ್ಯ?

ಮತ ಕೇಳಿಕೊಂಡು ಬರುವವರಲ್ಲಿ ನಮ್ಮವರು ರಸ್ತೆ ಕೇಳುತ್ತಾರೆ, ದಾರಿದೀಪ ಕೇಳುತ್ತಾರೆ, ಸ್ಮಶಾನಕ್ಕೂ ಕಬರ್‌ಸ್ತಾನಕ್ಕೂ ಆವರಣಗೋಡೆ ಕೇಳುತ್ತಾರೆ. ಮುಂದಿನ ಬಾರಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಇಂದು ವೈದ್ಯರಿದ್ದಾರೆಯೇ? ಇಲ್ಲವೆಂದಾದರೆ, ಅವರು ಬರುವ ದಿನ ಯಾವುದು?