ಗೊಬ್ಬರದ ಗೋದಾಮಿಗೆ ಕಬ್ಬಿಣವೇ ಬೇಕಾ?

ಗೋದಾಮು ಅಂದ ಕೂಡಲೇ ನಮ್ಮ ಹುಡುಗರ ಬಾಯಲ್ಲಿ ಬರೋದು ಕಬ್ಬಿಣದ ಕಂಬ, ಮೇಲೆ ಶೀಟು. ನಾನೂ ಹಾಗೇ ಕಟ್ಟಿಸಿದವನು. ಪೊಟ್ಯಾಷ್ ಮೂಟೆ ಜೋಡಿಸಿಟ್ಟ ಮೂಲೆಯಲ್ಲಿ ಆರನೇ ಮಳೆಗಾಲಕ್ಕೆ ಕಂಬದ ಬುಡ ಹಪ್ಪಳದ ಹಾಗೆ ಎದ್ದು ಬಂತು. ಬಣ್ಣ ಹೊಡೆಸಿದೆ, ಮತ್ತೆ ತುಕ್ಕು. ವೆಲ್ಡರ್‌ನನ್ನು ಬೈದು ಪ್ರಯೋಜನ ಇಲ್ಲ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ದಾಯಾದಿ. ತೇವ ಸೇರಿದರೆ ಕಬ್ಬಿಣವನ್ನು ತಿನ್ನದೆ ಬಿಡಲ್ಲ.

ಉಪ್ಪಿನ ಕಾರ್ಖಾನೆಯವರಿಗೆ ಇದು ಗೊತ್ತು. ಸ್ವಿಟ್ಜರ್ಲೆಂಡಿನ ರೈನ್‌ಫೆಲ್ಡೆನ್ ಹತ್ತಿರ, ರಸ್ತೆಯ ಹಿಮ ಕರಗಿಸುವ ಉಪ್ಪು ತುಂಬಿಡಲು 2012ರಲ್ಲಿ ಸಾಲ್ಡೋಮ್ 2 ಎಂಬ ಗುಮ್ಮಟ ಕಟ್ಟಿದರು. ಅಡ್ಡಗಲ 120 ಮೀಟರ್, ನಡುವೆ ಒಂದೂ ಕಂಬ ಇಲ್ಲ. ಲಕ್ಷ ಟನ್ನಿಗೂ ಮಿಕ್ಕಿ ಉಪ್ಪು ಹಿಡಿಯುತ್ತೆ. ಇಡೀ ಹಂದರ ಮರದ್ದು! ಶೋಕಿಗಲ್ಲ, ಮರಕ್ಕೆ ತುಕ್ಕು ಹಿಡಿಯಲ್ಲ, ಅಷ್ಟೇ.

ಅಷ್ಟು ದೊಡ್ಡ ತೊಲೆ ಯಾವ ಕಾಡಲ್ಲಿ ಸಿಗುತ್ತೆ ಅಂತೀರಾ? ಕಾಡಲ್ಲಿ ಸಿಗಲ್ಲ. ಒಣಗಿಸಿದ ಹಲಗೆಗಳ ಗಂಟು, ಬಿರುಕು ಕತ್ತರಿಸಿ ತೆಗೆದು, ಒಂದರ ಮೇಲೊಂದು ಅಂಟಿಸಿ ಒತ್ತಿದ ತೊಲೆ ಅದು. ಗ್ಲೂಲ್ಯಾಮ್ ಅಂತಾರೆ.

ಬೆಂಕಿಯ ಭಯ ಎಲ್ಲರಿಗೂ ಇದೆ. ದಪ್ಪ ತೊಲೆ ಉರಿದರೆ ಹೊರಮೈ ಇದ್ದಿಲಾಗುತ್ತೆ. ಆ ಇದ್ದಿಲು ನಿಮಿಷಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಮಿಲಿಮೀಟರಿನಷ್ಟೇ ಒಳಗಿಳಿಯೋದು. ಒಳಗಿನ ತಿರುಳು ಭಾರ ಹೊರುತ್ತಲೇ ಇರುತ್ತೆ. ಉಕ್ಕು 550 ಡಿಗ್ರಿ ಹೊತ್ತಿಗೆ ಸುಮಾರು ಅರ್ಧ ಬಲ ಕಳ್ಕೊಂಡು ಬಾಗುತ್ತೆ. ಆದರೆ ನೈಟ್ರೇಟ್ ಗೊಬ್ಬರವನ್ನು ಮಾತ್ರ ಮರದ ಹತ್ತಿರ ಇಡಲೇಬೇಡಿ. ಅದು ಬೆಂಕಿಗೆ ಆಮ್ಲಜನಕ ಕೊಡುವ ವಸ್ತು.

ಹಾಗಂತ ನಾಳೆಯೇ ಹೆಬ್ಬೇವು ಕಡಿದು ಹಸಿ ಕಂಬ ನೆಡಬೇಡಿ. ಗೆದ್ದಲಿಗೆ ಹಬ್ಬ ಮಾಡಿದಂತಾಗುತ್ತೆ. ಮರ ಒಣಗಿರಬೇಕು, ಔಷಧೋಪಚಾರ ಆಗಿರಬೇಕು, ಬುಡ ನೆಲದಿಂದ ಮೇಲೆ ಕಾಂಕ್ರೀಟ್ ಪೀಠದ ಮೇಲಿರಬೇಕು. ಬೋಲ್ಟು ಸ್ಟೇನ್‌ಲೆಸ್ ಹಾಕಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಯಾವ ಮರಕ್ಕೆ ಯಾವ ಉಪಚಾರ ಅಂತ ಅಲ್ಲಿ ಕೇಳಿ.

ನನ್ನ ತಕರಾರು ಬೇರೆಯೇ ಇದೆ. ನಾವು ಹೆಬ್ಬೇವು, ಸಿಲ್ವರ್ ಓಕ್ ಬೆಳೆದು ಪ್ಲೈವುಡ್‌ನವರಿಗೆ ಟನ್ ಲೆಕ್ಕದಲ್ಲಿ ತೂಗಿ ಕೊಡ್ತೀವಿ. ಅದೇ ದುಡ್ಡಲ್ಲಿ ಕಬ್ಬಿಣ ತಂದು, ಗೊಬ್ಬರದ ಪಕ್ಕ ನಿಲ್ಲಿಸಿ, ಕರಗೋದನ್ನು ನೋಡ್ತೀವಿ. ನಮ್ಮ ಎಪಿಎಂಸಿ, ಸೊಸೈಟಿ ಗೋದಾಮುಗಳ ಟೆಂಡರಿನಲ್ಲಿ ಮರದ ತೊಲೆಗೂ ಒಂದು ಸಾಲು ಜಾಗ ಕೊಡಿ ಅಂತ ಈ ಸಲದ ವಾರ್ಷಿಕ ಸಭೆಯಲ್ಲಿ ಕೇಳೋನಿದ್ದೇನೆ. ನೀವೂ ನಿಮ್ಮ ಸೊಸೈಟಿಯಲ್ಲಿ ಕೇಳಿ.